ನಮ್ಮ ಆಫೀಸಿನಲ್ಲಿ ಪ್ರಾಬ್ಲೆಮ್ ಇಲ್ಲ

ಲಿಫ್ಟ್ ಅನ್ನುವ ಯಂತ್ರ ಮೇಲೆ ಕೆಳಗೆ ಓಡಾಡುವಷ್ಟು ದಿನ ನಡುವೆ ನಿಲ್ಲುವುದೂ ಇದ್ದದ್ದೇ. ಅದು ನಿಂತಾಗಲೆಲ್ಲ ನನಗೊಂದು ಕಥೆ ಸಿಗುವುದೂ ಇದ್ದದ್ದೇ.

ಹೈದರಾಬಾದಿನ ನಾರಾಯಣಗೂಡದಲ್ಲಿ, ಒಂದು ಹಳೇ ಕಟ್ಟಡದ ಆರನೇ ಮಹಡಿಯಲ್ಲಿ, ಲಿಫ್ಟ್ ರಿಪೇರಿ ಮಾಡಿಸುವ ಕಂಪನಿಯೊಂದರಲ್ಲಿ ನಾನು ಕನ್ನಡ ಲೈನಿನ ಒಡೆಯ. ಒಡೆಯ ಅಂದರೆ, ಕರ್ನಾಟಕದ ದೂರುಗಳನ್ನು ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಕಂಪ್ಯೂಟರಿಗೆ ತುಂಬುವವನು. ಆ ಲೈನಿಗೆ ನಾನೊಬ್ಬನೇ. ಸೇಡಂ ಕಡೆಯ ಹಳ್ಳಿಯವನು. ನಮ್ಮೂರಲ್ಲಿ ಎರಡಂತಸ್ತಿನ ಮನೆ ಒಂದೇ ಇದೆ, ಅದಕ್ಕೂ ಏಣಿ. ಅಂಥವನು ಇವತ್ತು ಹದಿನೆಂಟು ಮಹಡಿಯವರನ್ನು ಏರಿಸುತ್ತೇನೆ, ಇಳಿಸುತ್ತೇನೆ. ಜಂಬ ಅಲ್ಲ, ಇದ್ದದ್ದನ್ನು ಹೇಳಿದೆ.

ಒಂದೇ ಕೊರತೆ. ಆರು ತಿಂಗಳು ನನ್ನನ್ನು ನೋಡಿ, ಆಮೇಲೆ ಕಾಯಂ ಮಾಡುತ್ತೇವೆ ಅಂದಿದ್ದರು. ನಾನು ಊರಿನಲ್ಲಿ ಮೊದಲ ವಾರವೇ ಕಾಯಂ ಆಗಿಬಿಟ್ಟಿದ್ದೆ. ಅಪ್ಪ ಮನೆಮನೆಗೆ ಪೇಡೆ ಹಂಚಿದ್ದೂ ಆಗಿತ್ತು. ಕಾಗದ ಬರುವುದಷ್ಟೇ ಬಾಕಿ.

ನಾಲ್ಕು ಶಬ್ದ

ಮೊದಲ ದಿನ ತರಬೇತಿ ಮೇಡಂ ಹೇಳಿದ ಮೊದಲ ಮಾತು, "ಇಲ್ಲಿ ಪ್ರಾಬ್ಲೆಮ್ ಅನ್ನುವ ಶಬ್ದ ಯಾರೂ ಬರೆಯಬಾರದು." ಬಾಸ್ ತಾವೇ ಕೂತು ಆ ಶಬ್ದವನ್ನು ಕಂಪ್ಯೂಟರಿನಿಂದ ತೆಗೆಸಿದ್ದರಂತೆ. ಅದರ ಜಾಗದಲ್ಲಿ ನಾಲ್ಕು ಶಬ್ದ ಇಟ್ಟು, ಚಾರ್ಟ್ ಮಾಡಿಸಿ ಗೋಡೆಗೆ ಅಂಟಿಸಿದ್ದರು. ಗಿರಾಕಿಯ ಮಾತು ಕೇಳಿ ನಾಲ್ಕರಲ್ಲಿ ಒಂದನ್ನು ಒತ್ತಬೇಕು. 'ಫೀಡ್‌ಬ್ಯಾಕ್' ಒತ್ತಿದರೆ ಮೆಕ್ಯಾನಿಕ್ ಏಳು ದಿನಕ್ಕೆ ಹೋಗುತ್ತಾನೆ. 'ಕನ್ಸರ್ನ್' ಅಂದರೆ ಮೂರು ದಿನ. 'ಇಶ್ಯೂ' ಅಂದರೆ ನಾಳೆ. 'ಎಮರ್ಜೆನ್ಸಿ' ಅಂದರೆ ಈ ಕ್ಷಣ, ಆದರೆ ಅದಕ್ಕೊಂದು ಕಾಗದದ ಫಾರ್ಮ್ ಇದೆ, ಅದಕ್ಕೆ ಬಾಸ್ ಸಹಿ ಬೇಕು.

ನಾನು ಕೈ ಎತ್ತಿ ಕೇಳಿದೆ. ನಾಲ್ಕೂ ಅಲ್ಲದೆ ಬರೇ ಪ್ರಾಬ್ಲೆಮ್ ಆಗಿದ್ದರೆ ಏನು ಮಾಡುವುದು?

"ನಮ್ಮ ಕಂಪನಿಯಲ್ಲಿ ಪ್ರಾಬ್ಲೆಮ್ ಇಲ್ಲ," ಅಂದರು ಮೇಡಂ.

ಮಧ್ಯಾಹ್ನ ಊಟಕ್ಕೆ ಹೊರಟರೆ ನಮ್ಮ ಕಟ್ಟಡದ ಲಿಫ್ಟೇ ಬಂದ್. ಆರು ಮಹಡಿ ಮೆಟ್ಟಿಲಿಳಿದೆವು. ಮೇಡಂ ನನ್ನ ಮುಂದೆಯೇ ಚಪ್ಪಲಿ ಕೈಯಲ್ಲಿ ಹಿಡಿದು, ಪ್ರಾಬ್ಲೆಮ್ ಇಲ್ಲದೆ ಇಳಿಯುತ್ತಿದ್ದರು.

ಅಜ್ಜಿಯ ಫೀಡ್‌ಬ್ಯಾಕ್

ನಮ್ಮ ಕಡೆಯ ಮಂದಿಗೆ ಒಂದು ರೂಢಿ. ಮನೆಗೆ ಬೆಂಕಿ ಬಿದ್ದಿದ್ದರೂ ಫೋನಿನಲ್ಲಿ ಮೊದಲು ಆರಾಮ ಕೇಳಬೇಕು. ಕಲಬುರಗಿಯ ಒಂದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಿಂದ ಒಬ್ಬ ಅಜ್ಜಿ ಫೋನ್ ಮಾಡಿದರು. ನನ್ನ ಊರು ಯಾವುದು, ಊಟ ಆಯಿತೋ ಇಲ್ಲವೋ, ಹೈದರಾಬಾದಿನಲ್ಲಿ ಜೋಳದ ರೊಟ್ಟಿ ಸಿಗುತ್ತದೋ ಎಲ್ಲ ವಿಚಾರಿಸಿದರು. ದಿಲ್‌ಸುಖ್‌ನಗರದ ಹಾಸ್ಟೆಲಿನಲ್ಲಿ ಮೂರು ಹೊತ್ತೂ ಅನ್ನ ಅಂದಾಗ ಮರುಗಿದರು. ಆಮೇಲೆ ನಗುತ್ತಲೇ ಹೇಳಿದರು:

"ಏನಿಲ್ಲ ತಮ್ಮಾ, ಎಲ್ಲಾ ಆರಾಮ. ಲಿಫ್ಟ್ ಒಂದು ನಾಲ್ಕು ದಿನದಿಂದ ಸತ್ತು ಬಿದ್ದೈತಿ, ಮತ್ತೇನಿಲ್ಲ."

ನಾನು 'ಇಶ್ಯೂ' ಒತ್ತಿದೆ. ಮೇಡಂ ರೆಕಾರ್ಡಿಂಗ್ ಕೇಳಿದರು. ಕನ್ನಡ ಬಾರದು, ನಗು ತಿಳಿಯುತ್ತದೆ. ಗಿರಾಕಿ ಇಷ್ಟು ಖುಷಿಯಾಗಿದ್ದಾರೆ, ಇದು 'ಫೀಡ್‌ಬ್ಯಾಕ್' ಅಂತ ತಿದ್ದಿದರು.

ಏಳನೇ ದಿನ, ಮೆಕ್ಯಾನಿಕ್ ಹೊರಡುವ ಮುಂಚೆ, ಅಜ್ಜಿಯದೇ ಫೋನ್. ದಿನಾ ಹತ್ತಿ ಇಳಿದು ಮೊಣಕಾಲು ನೋವು ಹೋಗಿದೆ, ಇನ್ನು ಯಾರನ್ನೂ ಕಳಿಸಬೇಡ ಅಂದರು. ಆ ತಿಂಗಳ ಅತ್ಯಂತ ಸಂತೃಪ್ತ ಗಿರಾಕಿ ಅಂತ ಅಜ್ಜಿಯ ಹೆಸರು ನೋಟಿಸ್ ಬೋರ್ಡಿಗೆ ಬಂತು. ಬಾಸ್ ಮೀಟಿಂಗಿನಲ್ಲಿ ಚಪ್ಪಾಳೆ ಹೊಡೆಸಿದರು.

ನಾನು ಕಲಿಸಿದ ವಿದ್ಯೆ

ಅವತ್ತಿನಿಂದ ನಾನೇ ದಾರಿ ಹುಡುಕಿದೆ. ಹಳ್ಳಿ ತಲೆ, ಸುಮ್ಮನೆ ಕೂರುವುದಿಲ್ಲ. ಫೋನ್ ಮಾಡಿದವರಿಗೆಲ್ಲ ಮೆಲ್ಲಗೆ ಹೇಳಿಕೊಡುತ್ತಿದ್ದೆ. ಬೇರೆ ಏನೂ ಹೇಳಬೇಡ್ರಿ, 'ಇಶ್ಯೂ ಐತಿ' ಅಂತ ಜೋರಾಗಿ ಅನ್ರಿ, ಉಳಿದದ್ದು ನನಗೆ ಬಿಡ್ರಿ.

ಒಂದೇ ತಿಂಗಳಿಗೆ ವಿದ್ಯೆ ಬೀದರಿನಿಂದ ಬಳ್ಳಾರಿವರೆಗೆ ಹಬ್ಬಿತು. ನಮಸ್ಕಾರದ ಬದಲಿಗೆ ಇಶ್ಯೂ ಅನ್ನುವವರಾದರು. ರಾಯಚೂರಿನ ಒಬ್ಬ ಯಜಮಾನರು ಫೋನ್ ಎತ್ತಿದ ಕೂಡಲೇ, "ಇಶ್ಯೂ ಐತ್ರಿ," ಅಂದರು.

"ಏನಾಗೇದ್ರಿ ಲಿಫ್ಟಿಗೆ?"

"ಏನೂ ಆಗಿಲ್ಲರಿ. ಭಾಳ ಛಲೋ ಹೊಂಟೈತಿ. ನಾಳೆ ನಿಂತೀತು ಅಂತ ಇವತ್ತೇ ಹೇಳಿಟ್ಟೀನಿ."

ಆ ರೆಕಾರ್ಡಿಂಗೇ ನನ್ನ ಕುತ್ತಿಗೆಗೆ ಬಂತು. ತೆಲಂಗಾಣದಲ್ಲಿ ಎಲ್ಲ ಫೀಡ್‌ಬ್ಯಾಕ್, ಕರ್ನಾಟಕದಲ್ಲಿ ಮಾತ್ರ ಎಲ್ಲ ಇಶ್ಯೂ ಯಾಕೆ ಅಂತ ಬಾಸ್ ಕರೆಸಿ ಕೇಳಿದರು. ಅವರ ಬಾಯಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಚಹಾ ಬೇಕಾದರೂ ಇಂಗ್ಲಿಷಿನಲ್ಲೇ ತರಿಸುತ್ತಿದ್ದರು. ನನ್ನ ಕಾಯಂ ಕಾಗದವನ್ನು ಮೇಜಿನ ಮೇಲೆ ಹರಡಿ ತೋರಿಸಿದರು. ಸಹಿಯ ಜಾಗ ಖಾಲಿ. 'ಕೆಲಸ ಹೇಗಿದೆ' ಅನ್ನುವ ಜಾಗವೂ ಖಾಲಿ. ಇನ್ನೊಂದು ಸಲ ಶಬ್ದ ತಪ್ಪಿದರೆ ನೀನು ಲಿಂಗಂಪಲ್ಲಿಯಲ್ಲಿ ಊರಿನ ರೈಲು ಹತ್ತಬಹುದು ಅಂದರು. ನಾನು ತಲೆ ಎತ್ತಿಯೇ ಹೊರಗೆ ಬಂದೆ. ಅಪ್ಪ ಹಂಚಿದ ಪೇಡೆಯನ್ನು ವಾಪಸು ಇಸಿದುಕೊಳ್ಳಲು ಬರುವುದಿಲ್ಲವಲ್ಲ.

ಆರನೇ ಮಹಡಿಗೆ ನಾಲ್ಕು ಬೆರಳು

ಅದಾಗಿ ಮೂರನೇ ದಿನ, ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಲೈನ್ ರಿಂಗಾಯಿತು. ಆ ಕಡೆಯಿಂದ ಅಪ್ಪಟ ಬಾಗಲಕೋಟೆ ಕನ್ನಡ.

"ಲೇ ತಮ್ಮಾ, ಯಾರದೀಯಪ್ಪಾ? ಲಿಫ್ಟಿನ್ಯಾಗ ಸಿಕ್ಕೊಂಡೀನಿ. ಇಂಗ್ಲಿಷ್ ಲೈನಿನ್ಯಾಗ ಹತ್ತು ಮಿನಿಟಿನಿಂದ ಹಾಡು ಹಚ್ಯಾರ. ನೀನರ ಎತ್ತಿದಿ. ಲಗೂನ ಯಾರನ್ನರ ಕಳಸು."

ನನ್ನ ಲೈನನ್ನು ಮೊದಲ ರಿಂಗಿಗೇ ಎತ್ತುತ್ತೇನೆ, ಅದು ನನ್ನ ಹೆಮ್ಮೆ. ಯಾವ ಕಟ್ಟಡ ಅಂದೆ. ಅವರು ವಿಳಾಸ ಹೇಳಿದರು. ನಮ್ಮದೇ ಕಟ್ಟಡ. ಹೆಸರು ಕೇಳಿದೆ. ನಮ್ಮ ಬಾಸ್.

ನಮ್ಮ ಮೆಕ್ಯಾನಿಕ್ ಅಣ್ಣನನ್ನು ಎಳೆದುಕೊಂಡು ಓಡಿದೆ. ಲಿಫ್ಟು ಆರನೇ ಮಹಡಿಗೆ ಮುಟ್ಟಿಯೂ ಮುಟ್ಟದೆ ನಿಂತಿತ್ತು. ಬಾಗಿಲು ನಾಲ್ಕು ಬೆರಳಷ್ಟು ತೆರೆದಿತ್ತು, ಅದರಲ್ಲಿ ಬಾಸ್‌ನ ಒಂದು ಕಣ್ಣು ಕಾಣುತ್ತಿತ್ತು. ಮೆಕ್ಯಾನಿಕ್ ಕೀ ಹಿಡಿದು ಸುಮ್ಮನೆ ನಿಂತ. ಹಿಂದೊಮ್ಮೆ ದೂರು ದಾಖಲಾಗದೆ ಬಾಗಿಲು ತೆಗೆದಿದ್ದಕ್ಕೆ ಇದೇ ಬಾಸ್ ಅವನಿಗೆ ಮೆಮೋ ಕೊಟ್ಟಿದ್ದರು. "ಯಾವ ಶಬ್ದ ಅಣ್ಣಾ?" ಅಂತ ನನ್ನ ಮುಖ ನೋಡಿದ.

ನಾನು ಸಂದಿಗೆ ಬಾಯಿಟ್ಟು ಕೇಳಿದೆ. "ಸರ, ಇದು ಫೀಡ್‌ಬ್ಯಾಕೋ ಕನ್ಸರ್ನೋ?"

"ಪ್ರಾಬ್ಲೆಮ್ ಐತಲೇ, ಪ್ರಾಬ್ಲೆಮ್."

"ಆ ಶಬ್ದ ನೀವೇ ತೆಗಸೀರಿ ಸರ."

"ಎಮರ್ಜೆನ್ಸಿ ಹಾಕು ಹಂಗಾರ."

"ಅದಕ್ಕ ನಿಮ್ಮ ಸಹಿ ಬೇಕ್ರಿ. ಶಬ್ದ ತಪ್ಪಿದರ ನನ್ನ ನೌಕರಿ ಹೊಕ್ಕೈತಿ."

ಫಾರ್ಮ್ ಕೇಳುತ್ತ ಸಂದಿಯಿಂದ ಒಂದು ಕೈ ಬಂತು. ನಾನು ಓಡಿಹೋಗಿ ಫಾರ್ಮ್ ತಂದೆ. ಹೋದವನು ಬಾಸ್‌ನ ಮೇಜಿನ ಮೇಲಿದ್ದ ನನ್ನ ಕಾಗದವನ್ನೂ ತಂದೆ. ಸಂದಿ ಒಂದೇ ಇರುವಾಗ ಎರಡು ಸಲ ಯಾಕೆ ತೊಂದರೆ ಕೊಡುವುದು? ಫಾರ್ಮಿಗೆ ಸಹಿಯಾಗಿ ಬಂತು. ಮೆಕ್ಯಾನಿಕ್ ಕೀ ಹಾಕಿ ತಿರುಗಿಸತೊಡಗಿದ. ಆ ಹಳೇ ಕೀ ನಿಧಾನಸ್ಥ. ಅಷ್ಟರಲ್ಲಿ ಎರಡನೇ ಕಾಗದವೂ ಹೊರಗೆ ಬಂತು. ಸಹಿ ಇತ್ತು. 'ಕೆಲಸ ಹೇಗಿದೆ' ಅನ್ನುವಲ್ಲಿ 'ಸ್ಯಾಟಿಸ್‌ಫ್ಯಾಕ್ಟರಿ' ಅಂತಿತ್ತು. ನಮ್ಮ ಆಫೀಸಿನಲ್ಲಿ ಆ ಶಬ್ದ ಬಿದ್ದವರು ಮರುದಿನವೇ ನೌಕರಿ ಕಳೆದುಕೊಂಡು ಟಿಫಿನ್ ಡಬ್ಬಿ ಮನೆಗೆ ಒಯ್ಯುತ್ತಾರೆ. ಕಾಗದವನ್ನು ವಾಪಸು ಒಳಗೆ ತೂರಿಸಿದೆ.

"ಸರ, ಇದಕ್ಕೂ ಮ್ಯಾಲಿನ ಶಬ್ದ ಅದಾವಲ್ರಿ."

ಬಾಗಿಲು ತೆರೆಯುವ ಹೊತ್ತಿಗೆ ಅದು 'ಎಕ್ಸಲೆಂಟ್' ಆಗಿತ್ತು.

ಹೊರಗೆ ಬಂದ ಬಾಸ್ ಟೈ ಸರಿಮಾಡಿಕೊಂಡರು, ಮತ್ತೆ ಇಂಗ್ಲಿಷಿಗೆ ಹತ್ತಿದರು. ಮಧ್ಯಾಹ್ನ ಕರೆಸಿದರು. ಲಿಫ್ಟ್ ಕಂಪನಿಯವರ ಲಿಫ್ಟಿಗೇ ಎಮರ್ಜೆನ್ಸಿ ಅಂತ ಮುಂಬೈ ಹೆಡ್ಡಾಫೀಸಿಗೆ ಹೋದರೆ ಮರ್ಯಾದೆ ಉಳಿಯುವುದಿಲ್ಲ, ಶಬ್ದ ಸ್ವಲ್ಪ ಮೆತ್ತಗೆ ಮಾಡು ಅಂದರು. ಎಷ್ಟು ಮೆತ್ತಗೆ ಅಂತ ಕೇಳಿದೆ. ಎಲ್ಲಕ್ಕಿಂತ ಮೆತ್ತಗಿನದು ಅಂದರು. ನಾನು ಫೀಡ್‌ಬ್ಯಾಕ್ ಒತ್ತಿದೆ. ಕಾಯಂ ನೌಕರ, ಹೇಳಿದ ಮಾತು ಮೀರುವುದಿಲ್ಲ.

ಕಾಗದ ಊರು ಮುಟ್ಟಿತು. ಅಪ್ಪ ಇನ್ನೊಂದು ಸಲ ಪೇಡೆ ಹಂಚಿದ, ಯಾಕೆ ಅಂತ ಊರಿನವರಿಗೆ ತಿಳಿಯಲಿಲ್ಲ. ಸರಿಯಾಗಿ ಏಳು ದಿನಕ್ಕೆ, ಮೀಟಿಂಗ್ ನಡೆಯುತ್ತಿದ್ದಾಗ ಬಾಸ್‌ನ ಫೋನಿಗೆ ಇಂಗ್ಲಿಷಿನಲ್ಲಿ ಒಂದು ಮೆಸೇಜ್ ಬಂತು. ಮುಖ್ಯವಾದದ್ದು ಇರಬಹುದೆಂದು ಮೇಡಂ ಮೇಜಿನ ಮೇಲಿದ್ದ ಆ ಫೋನ್ ಎತ್ತಿ ಗಟ್ಟಿಯಾಗಿ ಓದಿದರು.

"ನಿಮ್ಮ ಫೀಡ್‌ಬ್ಯಾಕಿಗೆ ಧನ್ಯವಾದಗಳು. ನಿಮ್ಮನ್ನು ಲಿಫ್ಟಿನಿಂದ ಬಿಡಿಸಲು ನಮ್ಮ ಮೆಕ್ಯಾನಿಕ್ ಈಗ ಹೊರಟಿದ್ದಾರೆ. ಅವರು ಬರುವವರೆಗೆ ದಯವಿಟ್ಟು ಒಳಗೇ ಇರಿ."