ಬೆಳ್ಳಿ ಮಣ್ಣಿನ ಕ್ಲಾಸು ಮತ್ತು ಅತ್ತೆಯ ಕಾಲುಂಗುರ

ಬೆಳ್ಳಿ ಮಣ್ಣಿನ ಒಡವೆ ಮಾಡಲು ಕಲಿಸುವವರ ಮನೆಗೆ ನಗು ಹೇಳಿ ಕೇಳಿ ಬರುವುದಿಲ್ಲ. ಬಾಗಿಲು ತೆರೆದರೆ ಸಾಕು, ಒಳಗೆ ಬಂದು ಕೂತಿರುತ್ತದೆ. ಮೊಬೈಲು ಇನ್ನೂ ಎಲ್ಲರ ಕೈಗೂ ಬಂದಿರದ ಆ ದಿನಗಳಲ್ಲಿ ಧಾರವಾಡದಲ್ಲಿ ಈ ಕೆಲಸ ಕಲಿಸುವವಳು, ನನಗೆ ಗೊತ್ತಿದ್ದ ಮಟ್ಟಿಗೆ, ನಾನೊಬ್ಬಳೇ. ಹಾಗಾಗಿ ಇಂಥ ಪ್ರಸಂಗಗಳೆಲ್ಲ ನನ್ನ ಪಾಲಿಗೇ ಬಂದವು.

ಕೆಲಸ ಸುಲಭ. ಬೆಳ್ಳಿಯ ನುಣ್ಣನೆ ಪುಡಿಗೆ ಅಂಟು, ನೀರು ಸೇರಿಸಿದ ಮುದ್ದೆಯೇ ಬೆಳ್ಳಿ ಮಣ್ಣು. ಅದನ್ನು ಕೈಯಲ್ಲಿ ತಿದ್ದಿ, ಒಣಗಿಸಿ, ಕರೆಂಟಿನ ಭಟ್ಟಿಯಲ್ಲಿ ಸುಟ್ಟರೆ ಅಂಟು ಉರಿದುಹೋಗಿ ಅಪ್ಪಟ ಬೆಳ್ಳಿ ಉಳಿಯುತ್ತದೆ. ಸುಟ್ಟಾಗ ಒಡವೆ ಕುಗ್ಗುವುದರಿಂದ ಬೇಕಾದ ಅಳತೆಗಿಂತ ದೊಡ್ಡದಾಗಿಯೇ ಮಾಡಬೇಕು. ಎಷ್ಟು ದೊಡ್ಡದು ಎನ್ನುವ ಲೆಕ್ಕದಲ್ಲಿ ನಾನು ತಪ್ಪುವುದಿಲ್ಲ. ಇದು ಜಂಬವಲ್ಲ, ಅಭ್ಯಾಸ.

ಹೆಬ್ಬಳ್ಳಿಯ ಚೀಲ

ಬೆಳ್ಳಿ ಮಣ್ಣಿನ ಕ್ಲಾಸು ಎಂದು ಬೋರ್ಡು ಹಾಕಿದ ವಾರದಲ್ಲೇ ಹೆಬ್ಬಳ್ಳಿಯ ರೈತರೊಬ್ಬರು ಅರ್ಧ ಚೀಲ ಎರೆಮಣ್ಣು ತಂದು ಜಗುಲಿಯ ಮೇಲೆ ಇಳಿಸಿದರು.

"ಅಕ್ಕಾರ, ಇದರಾಗ ಎಷ್ಟು ಬೆಳ್ಳಿ ಬರತೈತಿ ಒಂದೀಟು ನೋಡ್ರಿ."

ಇದು ಹೊಲದ ಮಣ್ಣಲ್ಲ, ಬೆಳ್ಳಿಯನ್ನೇ ಪುಡಿ ಮಾಡಿ ಕಲಸಿದ್ದು ಎಂದು ನಾನು ಮುದ್ದೆಯನ್ನು ತೋರಿಸಿ ವಿವರಿಸಿದೆ. ಅವರು ಪೂರ್ತಿ ಕೇಳಿದರು.

"ಅಂದ್ರ, ಬೆಳ್ಳಿ ಪುಡಿ ಮಾಡಿ, ಮಣ್ಣಿನಂಗ ಕಲಸಿ, ಸುಟ್ಟು, ಮತ್ತ ಬೆಳ್ಳಿ ಮಾಡ್ತೀರಿ?"

"ಹೌದ್ರಿ."

"ಮೊದಲ ಬೆಳ್ಳಿ ಇತ್ತಲ್ರೀ! ಯಾಕ ಬೇಕಾಗಿತ್ತು ಇಷ್ಟೆಲ್ಲಾ?"

ಅಷ್ಟು ಕೇಳಿ, ಚಹಾ ಕುಡಿದು ಹೊರಟುಬಿಟ್ಟರು. ಚೀಲ ಮಾತ್ರ ನನ್ನಲ್ಲೇ ಉಳಿಯಿತು. ಆ ಮಣ್ಣನ್ನು ಕುಂಡಕ್ಕೆ ತುಂಬಿದೆ. ಬೆಳ್ಳಿ ಬರಲಿಲ್ಲ, ಮೆಣಸಿನಕಾಯಿ ಮಾತ್ರ ಭರ್ತಿ ಬಂತು.

ಅತ್ತೆಯ ಕರಾರು

ಹುಬ್ಬಳ್ಳಿಯ ಹತ್ತಿ ವ್ಯಾಪಾರಿಗಳ ಮನೆಯ ಸೊಸೆಯೊಬ್ಬಳು ಕಲಿಯಲು ಬಂದಳು. ಮದುವೆಯಾಗಿ ವರ್ಷವಾಗಿತ್ತು. ಮನೆಯಿಂದ ಹೊರಗೆ ಅವಳದೇ ಅಂತ ಇದ್ದದ್ದು ನನ್ನ ಕ್ಲಾಸೊಂದೇ. ಎರಡನೆಯ ವಾರ ಅವಳ ಅತ್ತೆಯೂ ಬಂದರು. ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ, ಪೊಲೀಸರ ನೋಟ.

ಸೊಸೆ ಮಾಡಿದ ಪದಕ ಭಟ್ಟಿಯಿಂದ ಹೊರಬಂತು. ಸುಟ್ಟ ಬೆಳ್ಳಿ ಮೊದಲು ಸುಣ್ಣದ ಹಾಗೆ ಬೆಳ್ಳಗಿರುತ್ತದೆ.

"ಸುಣ್ಣದ ಹಳ್ಳು ಮಾಡಾಕ ಹುಬ್ಬಳ್ಳಿಯಿಂದ ಇಲ್ಲೀತನಾ ಬರಬೇಕೇನ ಇಕಿ?" ಎಂದರು ಅತ್ತೆ.

ನಾನು ಪದಕವನ್ನು ತಂತಿ ಬ್ರಷ್ಷಿನಿಂದ ತಿಕ್ಕಿದೆ. ಬೆಳ್ಳಿ ಫಳಫಳ ಹೊಳೆಯಿತು. ಅತ್ತೆ ಪದಕವನ್ನು ನೋಡಲಿಲ್ಲ, ಬ್ರಷ್ಷನ್ನು ನೋಡಿದರು.

"ಇದು ಎಲ್ಲಿ ಸಿಗತೈತ್ರಿ? ನಮ್ಮ ಬಚ್ಚಲದ ಹಂಡೆ ಕರ್ರಗ ಹಿಡದೈತಿ."

ಹೋಗುವಾಗ ಬಾಗಿಲಲ್ಲಿ ನಿಂತು ಕರಾರು ಹಾಕಿದರು. "ಮನ್ಯಾಗ ಉಪಯೋಗಕ್ಕ ಬರೂವಂಥದ್ದು ಒಂದ ಮಾಡಿ ತೋರಸಲಿ. ಅಕ್ಕಾರು ಕೈ ಹಚ್ಚಬಾರದು. ಆಗಲಿಲ್ಲಂದ್ರ ಕ್ಲಾಸು ಬಂದ್." ಸೊಸೆಯ ಮುಖ ಬಾಡಿತು. ನನಗೂ ಸಿಟ್ಟು ಬಂತು. ನನ್ನ ಕೈಯಲ್ಲಿ ಕಲಿತವಳು ಸೋಲುವುದೆಂದರೇನು? ಅತ್ತೆ ಮಾತ್ರ ನಿಶ್ಚಿಂತೆಯಿಂದ ನಡೆದರು, ನನ್ನ ಬ್ರಷ್ಷನ್ನೂ ತೆಗೆದುಕೊಂಡು.

ಬಡಿದ ಬೆಳ್ಳಿ

ಮಣ್ಣನ್ನು ಕೊಳವೆಯಿಂದ ತೆಳ್ಳಗೆ ಲಟ್ಟಿಸಬೇಕು. ದಿನಾ ಜೋಳದ ರೊಟ್ಟಿ ಬಡಿಯುವ ಧಾರವಾಡದ ಕಡೆಯ ಹೆಣ್ಣುಮಕ್ಕಳ ಕೈಗೆ ಲಟ್ಟಿಸುವುದಕ್ಕಿಂತ ಬಡಿಯುವುದೇ ಸಲೀಸು. ನಾನು ಫೋನಿಗೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಸೊಸೆ ಬೆಳ್ಳಿ ಮಣ್ಣನ್ನು ಪಟಪಟ ಬಡಿದು ಪುಟ್ಟ ರೊಟ್ಟಿ ಮಾಡಿದ್ದಳು. ಎಷ್ಟು ದುಂಡಗೆ, ಎಷ್ಟು ಸಮ! ಹೊಗಳೋಣವೆಂದು ಬಾಯಿ ತೆರೆದೆ.

"ಹತ್ತಿಕೋಬಾರದಂತ ಕೆಳಗ ಒಂದೀಟು ಹಿಟ್ಟು ಉದುರಸೇನ್ರಿ ಅಕ್ಕಾರ," ಎಂದಳು.

ಜೋಳದ ಹಿಟ್ಟು! ಚಹಾಕ್ಕೆ ಹಾಲು ತರಲು ಅಡುಗೆಮನೆಗೆ ಹೋದಾಗ ನನ್ನ ಡಬ್ಬಿಯಿಂದಲೇ ತಂದಿದ್ದಳು. ಬೇರೆ ಮಣ್ಣು ಇರಲಿಲ್ಲ. ಅದನ್ನೇ ಕತ್ತರಿಸಿ ಓಲೆ ಮಾಡಿ ಭಟ್ಟಿಗೆ ಹಾಕಿದೆವು. ಪಕ್ಕದ ಮನೆಯವರು ಗೋಡೆಯ ಆಚೆಯಿಂದ ಕೂಗಿದರು, "ಅಕ್ಕಾರ, ಒಲಿ ಮ್ಯಾಲ ರೊಟ್ಟಿ ಸೀಯಾಕತ್ತೈತಿ ನೋಡ್ರಿ!"

ಹಿಟ್ಟು ಉರಿದ ಜಾಗದಲ್ಲೆಲ್ಲ ಓಲೆಯ ಮೇಲೆ ಸಣ್ಣ ಸಣ್ಣ ಕುಳಿ ಬಿದ್ದಿತ್ತು. ಮುಂದೆ ಪ್ರದರ್ಶನವೊಂದರಲ್ಲಿ ಪುಣೆಯ ಹೆಂಗಸೊಬ್ಬರು ಅದೇ ಓಲೆಯನ್ನು ಆರಿಸಿಕೊಂಡು, ಈ ಕುಸುರಿ ಹೇಗೆ ಮಾಡಿದಿರಿ ಎಂದು ಕೇಳಿದರು. "ಅದು ನಮ್ಮ ಮನೆತನದ ವಿದ್ಯೆ," ಎಂದೆ ಗಂಭೀರವಾಗಿ.

ಕಾಲುಂಗುರ

ಕರಾರಿಗೆ ಸೊಸೆ ಆರಿಸಿಕೊಂಡದ್ದು ಅತ್ತೆಯ ಕಾಲುಂಗುರ. ಹಳೆಯವು ಸವೆದು ಚುಚ್ಚುತ್ತಿದ್ದವು. ಗುಟ್ಟಾಗಿ ಮಾಡಬೇಕೆಂದು ಅವಳ ಆಸೆ. ಮಧ್ಯಾಹ್ನ ಅತ್ತೆ ಮಲಗಿದ್ದಾಗ ಕಾಲ ಬುಡದಲ್ಲಿ ಕೂತು ಬೆರಳಿಗೆ ದಾರ ಸುತ್ತಿ ಅಳತೆ ತೆಗೆದಳಂತೆ. ಅತ್ತೆಗೆ ಎಚ್ಚರವಾಯಿತು.

"ಏನ ಮಾಡಾಕತ್ತಿ?"

"ನಮಸ್ಕಾರ ಮಾಡಾಕತ್ತೇನ್ರಿ ಅತ್ತಿ."

"ಮಾಡು ಹಂಗಾರ," ಎಂದು ಅತ್ತೆ ಎದ್ದು ಕೂತು, ನೆಟ್ಟಗೆ ನಮಸ್ಕಾರ ಮಾಡಿಸಿಕೊಂಡೇ ಬಿಟ್ಟರಂತೆ.

ದಾರದ ಅಳತೆಗೆ ಎಷ್ಟು ಸೇರಿಸಬೇಕೆಂದು ನಾನು ಹೇಳಿಕೊಟ್ಟೆ. ಉಳಿದದ್ದೆಲ್ಲ ಅವಳೇ ಮನೆಯಲ್ಲಿ ಮಾಡಿದಳು. ಸುಡುವ ದಿನ ಅತ್ತೆಯೂ ಬಂದು ಕುರ್ಚಿಯಲ್ಲಿ ಕೂತರು. ಭಟ್ಟಿ ತೆರೆದು, ಆರಿಸಿ, ತಿಕ್ಕಿ ಹೊಳಪು ಕೊಟ್ಟೆವು. ಅಂಚು ಸಹ ನುಣುಪು. ಸೊಸೆ ಮಂಡಿಯೂರಿ ಅತ್ತೆಯ ಬೆರಳಿಗೆ ಹಾಕಹೋದಳು. ಉಂಗುರ ಉಗುರಿನ ಹತ್ತಿರವೇ ನಿಂತಿತು. ಇನ್ನೊಂದು ಕಾಲಿಗೂ ಅದೇ ಕಥೆ.

ಸೊಸೆಯ ಕಣ್ಣು ತುಂಬಿತು. "ಸೋತೇನ್ರಿ ಅತ್ತಿ. ನಾಳಿಂದ ಬರಂಗಿಲ್ಲ."

"ಸಾಧ್ಯನ ಇಲ್ಲ," ಎಂದೆ ನಾನು. "ಆ ದಾರದ ಅಳತಿಗೆ ಈ ಉಂಗುರ ಇಷ್ಟು ಸಣ್ಣದಾಗೂದ ಇಲ್ಲ. ಮನ್ಯಾಗ ಇದಕ್ಕ ಯಾರೋ ಕೈ ಹಚ್ಚ್ಯಾರ."

ಅತ್ತೆ ಸೆರಗು ಸರಿ ಮಾಡಿಕೊಂಡರು. ಭಟ್ಟಿ ನೋಡಿದರು. ಮೇಲಿನ ಛತ್ತು ನೋಡಿದರು.

"ಸುಟ್ರ ಸಣ್ಣದಾಗತೈತಿ ಅಂತ ನನಗ ಯಾರ ಹೇಳಿದ್ರಿ?" ಎಂದರು ಕಡೆಗೆ.

ಆಮೇಲೆ ನಿಜ ಹೊರಬಿತ್ತು. ಸೊಸೆ ಅಡುಗೆಮನೆಯಲ್ಲಿದ್ದಾಗ ಕಿಟಕಿಯಲ್ಲಿ ಒಣಗಲು ಇಟ್ಟಿದ್ದ ಹಸಿ ಉಂಗುರಗಳನ್ನು ಅತ್ತೆ ಕಾಲ್ಬೆರಳಿಗೆ ಹಾಕಿ ನೋಡಿದ್ದರು. ಸಡಿಲವಾಗಿದ್ದವು. ಚಾಕುವಿನಿಂದ ಚೂರು ಕತ್ತರಿಸಿ, ನೀರು ಹಚ್ಚಿ ಕೂಡಿಸಿ, ತಮ್ಮ ಬೆರಳಿಗೆ ಸರಿಯಾಗಿ ಕೂರುವಂತೆ ಮಾಡಿ, ಇದ್ದಲ್ಲೇ ಇಟ್ಟಿದ್ದರು.

"ಯಾಕ್ರೀ ಹಂಗ ಮಾಡಿದ್ರಿ?" ಎಂದಳು ಸೊಸೆ.

"ನೀ ಸೋತು ಮನ್ಯಾಗ ಸೊಟ್ಟ ಮಾರಿ ಮಾಡಿಕೊಂಡು ಕುಂತರ ಯಾರ ನೋಡಬೇಕ? ಗೆಲ್ಲಲಿ ಅಂತ ಮಾಡಿದ್ನೆವಾ."

ಸೊಸೆ ಅಳುತ್ತಿದ್ದವಳು ನಕ್ಕುಬಿಟ್ಟಳು. ನಾನು ಕಸುಬಿನವಳು, ಉಂಗುರವನ್ನು ಬೆಳಕಿಗೆ ಹಿಡಿದು ಕೂಡಿಸಿದ ಗುರುತು ಹುಡುಕಿದೆ. ಎಲ್ಲೂ ಇರಲಿಲ್ಲ.

"ಕೂಡಿಸಿದ್ದು ಭಾಳ ಛಲೋ ಆಗೇತ್ರಿ. ನೀವೂ ಕಲೀಲಿಕ್ಕೆ ಬರ್ರಿ," ಎಂದೆ.

ಅತ್ತೆ ಉಂಗುರಗಳನ್ನು ಎರಡೂ ಕಾಲಿನ ಕಿರುಬೆರಳಿಗೆ ಏರಿಸಿಕೊಂಡು, ಕಾಲು ಚಾಚಿ ನೋಡಿಕೊಂಡರು.

"ಬರತೇನ್ರಿ. ಆದ್ರ ಒಂದ ಕರಾರು."

"ಹೇಳ್ರಿ."

"ಮನ್ಯಾಗ ಉಪಯೋಗಕ್ಕ ಬರೂವಂಥದ್ದು ಮಾತ್ರ ಕಲಿಸಬ್ಯಾಡ್ರಿ. ಅಂಥಾದ್ದು ಮಾಡಿ ಮಾಡಿ ನಲವತ್ತು ವರ್ಷಾತು, ಸಾಕಾಗೇತಿ."