ಹುಚ್ಚಣ್ಣ ಅಪರಾಧಿಯಾದ ಬಗೆ

ಅರಸೀಕೆರೆ ತಾಲ್ಲೂಕಿನಲ್ಲಿ ೧೯೯೭ರ ಜೂನ್ ತಿಂಗಳವರೆಗೆ ‘ಅಪರಾಧಿ’ ಎಂಬ ಪದಕ್ಕೆ ಅರ್ಥ ನಿಗದಿಯಾಗಿರಲಿಲ್ಲ ಎಂಬುದನ್ನು ವಿಷಾದದಿಂದ ದಾಖಲಿಸಬೇಕಾಗಿದೆ.

ಕಣಕಟ್ಟೆ ಕಡೆಯ ಹುಚ್ಚಣ್ಣನ ಮೇಲೆ ಕೊಬ್ಬರಿ ಚೀಲ ಕದ್ದ ಕೇಸಿತ್ತು. ಆರು ವರ್ಷ ಕೋರ್ಟಿಗೆ ಅಲೆದ ಮೇಲೆ, ಅವನು ಕದ್ದಿಲ್ಲವೆಂದು ತೀರ್ಪಾಯಿತು. ಅಷ್ಟರಲ್ಲಿ ಮಗಳು ಕೋಮಲಳಿಗೆ ಅಂಗನವಾಡಿ ಕೆಲಸ ಸಿಗುವ ಹಾಗಿತ್ತು. ಅರ್ಜಿಯ ಜೊತೆ ತಂದೆಯ ನಡತೆ ಪತ್ರ ಇಡಬೇಕಿತ್ತು, ಅದೂ ಹದಿನೈದು ದಿನದೊಳಗೆ.

ಪತ್ರ ಕೊಡುವ ಗುಮಾಸ್ತ ಗಂಗಾಧರಪ್ಪನವರು ರಿಜಿಸ್ಟರ್ ತೆಗೆದರು. ಅದರಲ್ಲಿ ಇದ್ದದ್ದು ಎರಡೇ ಕಲಂ: ‘ಆರೋಪಿ’ ಮತ್ತು ‘ಅಪರಾಧಿ, ಶಿಕ್ಷೆ ಮುಗಿದಿದೆ’. ಹುಚ್ಚಣ್ಣನ ಹೆಸರು ಮೊದಲನೆಯದರಲ್ಲಿತ್ತು. ಬಿಡುಗಡೆಯಾದವರಿಗೆ ಕಲಂ ಹಾಕಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುವ ಗಾದೆಯೂ ಏನೂ ಮಾಡದವನ ಊಟದ ಬಗ್ಗೆ ಮಾತಾಡುವುದಿಲ್ಲ. ಗಂಗಾಧರಪ್ಪ ಸಜ್ಜನರು, ಯಾರ ಟೀಯನ್ನೂ ಕುಡಿದವರಲ್ಲ. ಕೂಡಲೇ ಮೇಲಧಿಕಾರಿಗಳಿಗೆ ಬರೆದರು. ಎಂಟನೇ ದಿನ ಸುತ್ತೋಲೆ ಬಂತು:

“ಅಪರಾಧಿ ಎಂದರೆ ರಿಜಿಸ್ಟರಿನಲ್ಲಿ ಹೆಸರಿರುವವನು. ನಿರಪರಾಧಿ ಎಂದರೆ ಹೆಸರಿಲ್ಲದವನು. ಹೆಸರಿದ್ದೂ ನಿರಪರಾಧಿಯಾಗಿರುವುದು ನಿಯಮಬಾಹಿರ. ಶಿಕ್ಷೆ ಮುಗಿಸಿದವರಿಗೆ ಮಾತ್ರ ನಡತೆ ಪತ್ರ ನೀಡತಕ್ಕದ್ದು.”

“ಕದ್ದಿಲ್ಲ ಅಂತ ಜಡ್ಜ್ ಸಾಹೇಬ್ರೇ ಬರ್ದವ್ರಲ್ಲ ಸ್ವಾಮಿ,” ಎಂದ ಹುಚ್ಚಣ್ಣ.

“ಅಲ್ಲೇ ಎಡವಟ್ಟಾಗಿರೋದು ಕಣಯ್ಯ. ಶಿಕ್ಷೆ ಆಗಿದ್ದಿದ್ರೆ ಇಷ್ಟೊತ್ತಿಗೆ ಮುಗಿದಿರೋದು,” ಎಂದು ಗಂಗಾಧರಪ್ಪ ನಿಜವಾಗಿಯೂ ನೊಂದುಕೊಂಡರು.

ಸಣ್ಣದೊಂದು ಅಪರಾಧ ಮಾಡಿ ಶಿಕ್ಷೆ ಮುಗಿಸಿಬಿಡುವ ದಾರಿಯನ್ನೂ ಅವರೇ ತೋರಿಸಿದರು. ಮಾರನೆಯ ದಿನ ಹುಚ್ಚಣ್ಣ ಹೆಂಡತಿ ಮಾದಮ್ಮನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಠಾಣೆಯ ಮುಂದೆ ಡಬಲ್ ರೈಡ್ ಹೊಡೆದ. ಮೂರನೆಯ ಸುತ್ತಿಗೆ ಪೊಲೀಸರು ಗಮನಿಸಿದರು.

ತಪ್ಪು ಒಪ್ಪುತ್ತೀಯಾ ಎಂದು ಕೋರ್ಟಿನಲ್ಲಿ ಕೇಳಿದಾಗ, ಆರು ವರ್ಷ ಇಲ್ಲ ಇಲ್ಲ ಎಂದೇ ರೂಢಿಯಾಗಿದ್ದ ನಾಲಿಗೆ ತಡವರಿಸಿತು. ಅವನಿಗೆ ಅಳು ಬಂತು. ಮಗಳನ್ನು ನೆನೆದುಕೊಂಡು, “ಒಪ್ಕಂತೀನಿ ಸ್ವಾಮಿ,” ಎಂದ. ಕೋರ್ಟು ಏಳುವವರೆಗೆ ಅಲ್ಲೇ ಕೂತಿರುವ ಶಿಕ್ಷೆಯಾಯಿತು. ಸಂಜೆ ಐದಕ್ಕೆ ಶಿಕ್ಷೆ ಮುಗಿಯಿತು. ಐದೂವರೆಗೆ ಪತ್ರ ಕೈಸೇರಿತು: ‘ಸದರಿಯವರು ಅಪರಾಧಿ. ನಡತೆ ತೃಪ್ತಿಕರ.’

ಕೋಮಲಳಿಗೆ ಕೆಲಸವಾಯಿತು. ಅವಳಿಗಿಂತ ಹೆಚ್ಚು ಅಂಕ ಪಡೆದಿದ್ದ ಅದೇ ಊರಿನ ಹೇಮಾಶ್ರೀಯ ಅರ್ಜಿ ತಿರಸ್ಕೃತವಾಯಿತು. ಅವಳ ತಂದೆ ಚನ್ನಪ್ಪನವರು ಠಾಣೆ, ಕೋರ್ಟಿನ ಮೆಟ್ಟಿಲು ಹತ್ತಿದವರೇ ಅಲ್ಲ. ಅವರ ನಡತೆಯ ಬಗ್ಗೆ ಸರ್ಕಾರದ ಬಳಿ ಯಾವ ಆಧಾರವೂ ಇರಲಿಲ್ಲ.

ಚನ್ನಪ್ಪನವರು ತಕರಾರು ಮಾಡಲಿಲ್ಲ. ಇಷ್ಟು ವರ್ಷ ಅಲಕ್ಷ್ಯ ಮಾಡಿದೆನಲ್ಲ ಎಂದು ಮಗಳ ಹತ್ತಿರ ಬೇಸರಪಟ್ಟುಕೊಂಡು, ಸೋಮವಾರ ಮೊದಲ ಬಸ್ಸಿಗೇ ಅರಸೀಕೆರೆಗೆ ಹೋಗಿ, ಯಾವ ಅಪರಾಧಕ್ಕೆ ಪತ್ರ ಬೇಗ ಸಿಗುತ್ತದೆ ಎಂದು ಗಂಗಾಧರಪ್ಪನವರಲ್ಲಿ ವಿಚಾರಿಸಿದರು.