೪೧೨ ಪಿ.ಪಿ.

ವಿಜಾಪುರದ ಸೊಲ್ಲಾಪುರ ರಸ್ತೆಯ ಆ ಓಣಿಗೆ ಮೊದಲು ಫೋನು ಬಂದದ್ದು ಪಂಪು ರಿಪೇರಿಯ ಯಲಗೂರಪ್ಪನ ಅಂಗಡಿಗೆ. ನಂಬರು ೪೧೨. ಆರು ವರ್ಷ ಕಾದು ಪಡೆದ ಫೋನು ಆರೇ ತಿಂಗಳಲ್ಲಿ ಓಣಿಯದಾಯಿತು. ಕೌದಿ ಹೊಲಿಯುವ ಬೀಬಿಜಾನಳ ಬೋರ್ಡಿನಲ್ಲಿ, ಬ್ಯಾಂಡಿನ ಭಾಗಪ್ಪನ ಡೋಲಿನ ಮೇಲೆ, ಕಡೆಗೆ ಓಣಿಯ ತಿಕೋಟಾ ಮನೆತನದವರ ಮದುವೆ ಕಾರ್ಡಿನಲ್ಲೂ ‘ಫೋನ್: ೪೧೨ ಪಿ.ಪಿ.’ ಕಾಣಿಸಿಕೊಂಡಿತು. ಪಿ.ಪಿ. ಎಂದರೆ, ಫೋನು ನಮ್ಮದಲ್ಲ, ಆದರೆ ಅದರ ಮಾಲೀಕ ಬಂದು ನಮ್ಮನ್ನು ಕರೆಯುತ್ತಾನೆ ಎಂದರ್ಥ. ಯಲಗೂರಪ್ಪ ಕೈಯಲ್ಲಿ ನಟ್ಟು ಬಿಚ್ಚುವ ಪಾನಾ ಹಿಡಿದೇ ಓಡಿಹೋಗಿ ಕರೆಯುತ್ತಿದ್ದ. ಒಮ್ಮೆಯೂ ಮುಖ ಗಂಟಿಕ್ಕಿದವನಲ್ಲ. ಅಂಥ ಮನುಷ್ಯ ಲಕ್ಷಕ್ಕೊಬ್ಬ.

ಆ ದಿನ ಮಾತ್ರ ಅಲುಗಾಡಬಾರದೆಂದು ಕುಳಿತಿದ್ದ. ಸೊಲ್ಲಾಪುರದ ಪಂಪು ಕಂಪನಿಯೊಂದಕ್ಕೆ ವಿಜಾಪುರದಲ್ಲಿ ಏಜೆಂಟ್ ಬೇಕಿತ್ತು, ಸ್ವಂತ ಫೋನು ಇದ್ದವರೇ ಆಗಬೇಕು. ಯಲಗೂರಪ್ಪ ಲೆಟರ್‌ಹೆಡ್ ಅಚ್ಚು ಹಾಕಿಸಿ ಅರ್ಜಿ ಕಳಿಸಿದ್ದ. ಆಯ್ಕೆಯಾದವನಿಗೆ ಇಂದು ಟ್ರಂಕ್ ಕಾಲ್ ಬರಲಿತ್ತು. ಇಪ್ಪತ್ತು ವರ್ಷ ಕಂಡವರ ಹಳೆ ಪಂಪು ಬಿಚ್ಚಿದವನಿಗೆ ಹೊಸ ಪಂಪು ಮಾರುವ ಆಸೆ.

ಫೋನು ಗಣಗುಟ್ಟಿತು. ಬಬಲೇಶ್ವರದಿಂದ.

“ಸಕ್ರವ್ವನ್ನ ಕರೀರಿ! ನನ್ನ ಹೇಣ್ತಿಗೆ ಬ್ಯಾನಿ ಶುರು ಆಗ್ಯಾವ್ರಿ!”

ಹೆರಿಗೆ ಏಜೆನ್ಸಿಗಾಗಿ ಕಾಯುತ್ತದೆಯೇ? ಬೀಬಿಜಾನಳನ್ನು ಫೋನಿನ ಮುಂದೆ ಕೂರಿಸಿ ಓಡಿದ. ಸೂಲಗಿತ್ತಿ ಸಕ್ರವ್ವ ಹಿಟ್ಟಿನ ಗಿರಣಿಯಲ್ಲಿ ಸಿಕ್ಕಳು. ಅವಳನ್ನು ಬಸ್ಸು ಹತ್ತಿಸಿ ಏದುಸಿರು ಬಿಡುತ್ತ ಬಂದ.

“ನನಗ ಬಂತೇನ್ ಬೇ?”

“ಇಲ್ಲೋ ಯಪ್ಪಾ, ಭಾಗಪ್ಪಗ ಬಂದಿತ್ತು. ಕನಮಡಿಯಾಗ ಮದಿಮಗ ಕುದುರಿ ಮ್ಯಾಲೆ ಕುಂತಾನಂತ, ಬ್ಯಾಂಡ್ ಇನ್ನೂ ಬಂದಿಲ್ಲಂತ. ಓಡು!”

ಮತ್ತೆ ಓಡಿದ. ಮರಳಿ ಬಂದು ನೀರಿನ ತಂಬಿಗೆ ಎತ್ತುವಷ್ಟರಲ್ಲಿ ಮತ್ತೆ ಗಂಟೆ. ಈ ಸಲ ಸೊಲ್ಲಾಪುರದ ಟ್ರಂಕ್ ಕಾಲ್!

“ದಶರಥ ಅವರನ್ನು ಕರೆಯಿರಿ.”

ಮುಖ ಬಾಡಿದರೂ ಕಾಲು ನಿಲ್ಲಲಿಲ್ಲ. ಪೈಪಿನಂಗಡಿಯ ದಶರಥ ಅರ್ಧ ಬೋಳಿಸಿದ ಗಡ್ಡದ ಸೋಪಿನೊಂದಿಗೇ ಓಡಿ ಬಂದ. “ಹೌದ್ರಿ, ಆತ್ರಿ” ಎಂದು ಫೋನಿಟ್ಟವನೇ ಯಲಗೂರಪ್ಪನ ಕಾಲು ಮುಟ್ಟಿದ.

“ಅಣ್ಣಾ, ಪಂಪಿನ ಏಜೆನ್ಸಿ ನನಗ ಬಂತು!”

“ಲೇ, ನಿನಗೆಲ್ಲೈತೋ ಸ್ವಂತ ಫೋನು?”

“ಪಿ.ಪಿ. ಅಂದ್ರ ಕಿಮ್ಮತ್ತು ಕಡಿಮಿ ಅಂತ ಬರೇ ೪೧೨ ಅಂತ ಅಚ್ಚ ಹಾಕ್ಸಿದ್ದೆ. ಅದ ನಂಬರ್ ಬರದಾವ ಇನ್ನೊಬ್ಬ ಇದ್ನಂತ. ಅವ ಪಿ.ಪಿ. ಅಂತ ಹಾಕ್ಯಾನಂತ. ಅವನ್ನ ಬಿಟ್ಟು ನನಗ ಕೊಟ್ರು.”

ಯಲಗೂರಪ್ಪ ಗಡಬಡಿಸಿ ತನ್ನ ಲೆಟರ್‌ಹೆಡ್ ತೆಗೆದ. ಹೆಸರು ಅಚ್ಚಾದ ಸಂಭ್ರಮದಲ್ಲಿ ಅದರ ಕೆಳಗೆ ಅವನ ಕಣ್ಣು ಹೋಗಿರಲೇ ಇಲ್ಲ. ‘ಫೋನ್: ೪೧೨ ಪಿ.ಪಿ.’

ಪಕ್ಕದ ಪ್ರೆಸ್ಸಿನ ಮರೆಪ್ಪನನ್ನು ಕರೆದು ತೋರಿಸಿದ.

“ನೀ ಬರಿಯಾಕ ಮರ್ತಿ ಅಂತ ನಾನ ಸೇರಿಸಿದ್ದೆ ಅಣ್ಣಾ,” ಎಂದ ಮರೆಪ್ಪ ಹೆಮ್ಮೆಯಿಂದ. “ಆ ನಂಬರಿಗೆ ಪಿ.ಪಿ. ಹಾಕಬ್ಯಾಡ್ರಿ ಅಂತ ಹೇಳಿದಾವ ದಶರಥ ಒಬ್ಬನ.”

ಸುದ್ದಿ ಹಬ್ಬಿತು. ಸಂಜೆಯೊಳಗೆ ಓಣಿಯವರೆಲ್ಲ ತಮ್ಮ ಬೋರ್ಡಿನ ಪಿ.ಪಿ.ಗೆ ಸುಣ್ಣ ಬಳಿದರು. ಅದು ಉಳಿದದ್ದು ಯಲಗೂರಪ್ಪನ ಐನೂರು ಹಾಳೆಗಳಲ್ಲಿ ಮಾತ್ರ.

ಫೋನು ಗಣಗುಟ್ಟಿತು.

“ದಶರಥ ಪಂಪ್ ಏಜೆನ್ಸಿ ಏನ್ರಿ?”

“ಹೌದ್ರಿ. ಒಂದೀಟು ತಡೀರಿ, ಕರೀತೀನಿ,” ಎಂದು ಯಲಗೂರಪ್ಪ ಚಪ್ಪಲಿ ಮೆಟ್ಟಿಕೊಂಡ.